ಬೌಂಡರಿ ಗೆರೆಯಲ್ಲಿ ನಿಂತವನ ಕಿವಿ

ಪಾಕಿಸ್ತಾನದ ಖುಷ್‌ದಿಲ್ ಶಾ ನ್ಯೂಜಿಲೆಂಡಿನಲ್ಲಿ ಪ್ರೇಕ್ಷಕರ ಮೇಲೆ ಏರಿ ಹೋದ ವಿಡಿಯೋ ನೀವೂ ನೋಡಿರುತ್ತೀರಿ ಅಲ್ವಾ? 2025ರ ಏಪ್ರಿಲ್. ಮೂರಕ್ಕೆ ಮೂರೂ ಒಂದು ದಿನದ ಪಂದ್ಯ ಸೋತಿದ್ದರು. ಪಂದ್ಯ ಮುಗಿದಿತ್ತು. ಬೇಲಿಯ ಆಚೆಯಿಂದ ಯಾರೋ ಏನೋ ಅಂದರು, ಈತ ನುಗ್ಗಿದ, ಭದ್ರತೆಯವರು ಹಿಡಿದು ಎಳೆದರು. ಆ ವಿಡಿಯೋ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಾವು ಕೂರುವ ಚಹಾದಂಗಡಿ ಮುಟ್ಟಲು ಒಂದು ರಾತ್ರಿ ಸಾಕಾಯಿತು. ಬೆಳಿಗ್ಗೆ ಬೆಂಚಿನ ಮೇಲೆ ಎರಡು ಪಕ್ಷ ತಯಾರಿದ್ದವು. ಒಂದು ಪಕ್ಷದ್ದು, "ರೊಕ್ಕ ತಗೊಂಡು ಆಡ್ತಾರಿಲ್ಲ? ನಾಕು ಮಾತು ಕೇಳಿಸ್ಕೋಬೇಕು." ಇನ್ನೊಂದು ಪಕ್ಷದ್ದು, "ನಿಮ್ಮವ್ವನ ಮ್ಯಾಲ ಅಂದ್ರ ನೀ ಸುಮ್ ಕೂಡ್ತಿಯೇನು?" ಕಪ್ಪು ಖಾಲಿಯಾಗುವವರೆಗೆ ಇದೇ ನಡೆಯಿತು. ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ.

ಈ ವಾದ ನಾನು ಚಿಕ್ಕವನಿದ್ದಾಗಿನಿಂದ ಕೇಳುತ್ತಿದ್ದೇನೆ. 1997ರಲ್ಲಿ ಇನ್ಜಮಾಮ್ ಉಲ್ ಹಕ್ ಟೊರೊಂಟೊದಲ್ಲಿ ಬ್ಯಾಟ್ ಹಿಡಿದು ಪ್ರೇಕ್ಷಕರ ಗ್ಯಾಲರಿಗೆ ನುಗ್ಗಿದಾಗಲೂ ಇದೇ ವಾದ. ಆಗ ನಮ್ಮೂರು ಇನ್ನೂ ಗುಲ್ಬರ್ಗಾ. ಸಹಾರಾ ಕಪ್ ಪಂದ್ಯಗಳು ನಮಗೆ ಸಂಜೆ ಹೊತ್ತಿಗೆ ಶುರುವಾಗುತ್ತಿದ್ದವು. ಕರೆಂಟ್ ಇದ್ದ ಮನೆ ಹುಡುಕಿಕೊಂಡು ಓಣಿಯ ಹುಡುಗರೆಲ್ಲ ಹೋಗಿ ಕೂರುತ್ತಿದ್ದೆವು. ಮೆಗಾಫೋನ್ ಹಿಡಿದ ಒಬ್ಬ ಪ್ರೇಕ್ಷಕ ಆತನನ್ನು 'ಆಲೂ' ಎಂದು ಕೂಗುತ್ತಿದ್ದನಂತೆ. ಮರುದಿನದಿಂದ ಶಾಲೆಯಲ್ಲಿ ದಪ್ಪಗಿದ್ದ ಪ್ರತಿ ಹುಡುಗನಿಗೂ ಅದೇ ಹೆಸರು ಬಂತು. ಅವರಲ್ಲಿ ಒಬ್ಬ ಈಗ ಸೇಡಂ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದಾನೆ, ಇವತ್ತಿಗೂ ಹಳೆಯ ಗೆಳೆಯರು ಅವನನ್ನು ಹಾಗೇ ಕರೆಯುತ್ತಾರೆ.

ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿರುವ ಪ್ರಶ್ನೆ ಯಾರದು ತಪ್ಪು ಎನ್ನುವುದಲ್ಲ. ಅದಕ್ಕೆ ಉತ್ತರ ಬೇಗ ಸಿಗುತ್ತದೆ. ಹೊಡೆದವನದ್ದೂ ತಪ್ಪು, ಬೈದವನದ್ದೂ ತಪ್ಪು, ಮುಗೀತು. ನನಗೆ ಆಶ್ಚರ್ಯ ಆಗುವುದು ಬೇರೆ ವಿಷಯಕ್ಕೆ. ಈ ಆಟಗಾರರು ಹತ್ತು-ಹದಿನೈದು ವರ್ಷ ಇಂಥದ್ದೇ ಬೈಗುಳ ಕೇಳುತ್ತಲೇ ಬೆಳೆದವರು. ಐವತ್ತು ಸಾವಿರ ಜನ ಒಟ್ಟಿಗೆ ಕೂಗಿದಾಗ ಕಣ್ಣು ಮಿಟುಕಿಸದವರು. ಅಂಥವರಿಗೆ ಒಂದು ದಿನ ಒಬ್ಬನ ಮಾತು ಯಾಕೆ ತಡೆಯುವುದಿಲ್ಲ? ಅದೇ ದಿನ, ಅದೇ ಗಳಿಗೆ ಯಾಕೆ?

ಆಟ ನಿಂತಾಗ

ಪ್ರಸಿದ್ಧ ಪ್ರಕರಣಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೋಡಿ. ಆಟ ಜೋರಾಗಿ ನಡೆಯುತ್ತಿದ್ದಾಗ, ಚೆಂಡು ಕಾಲಲ್ಲಿ ಅಥವಾ ಕೈಯಲ್ಲಿ ಇದ್ದಾಗ, ಯಾರೂ ಪ್ರೇಕ್ಷಕನ ಕಡೆ ತಿರುಗಿಲ್ಲ. ಕೋಪ ಬಂದಿರುವುದೆಲ್ಲ ಆಟ ನಿಂತಾಗ. ಅಥವಾ ಆಟ ನಡೆದಿದ್ದರೂ ಆ ಆಟಗಾರನ ಕೈಗೆ ಕೆಲಸ ಇಲ್ಲದಾಗ.

ಮ್ಯಾಂಚೆಸ್ಟರ್ ಯುನೈಟೆಡ್‌ನ ಫ್ರೆಂಚ್ ಫುಟ್‌ಬಾಲ್ ಆಟಗಾರ ಎರಿಕ್ ಕ್ಯಾಂಟೊನಾ ಕಥೆ ಎಲ್ಲರಿಗೂ ಗೊತ್ತು. 1995ರ ಜನವರಿ 25, ಲಂಡನ್ನಿನ ಸೆಲ್‌ಹರ್ಸ್ಟ್ ಪಾರ್ಕ್. ಪ್ರೇಕ್ಷಕನನ್ನು ಹಾರಿ ಒದ್ದ ಆ ಫೋಟೋ ನೋಡದ ಫುಟ್‌ಬಾಲ್ ಪ್ರೇಮಿ ಇರಲಿಕ್ಕಿಲ್ಲ. ಆದರೆ ಒದೆಯುವ ಮೊದಲು ಆತ ಏನು ಮಾಡುತ್ತಿದ್ದ ಎನ್ನುವುದನ್ನು ಜನ ಮರೆಯುತ್ತಾರೆ. ರೆಡ್ ಕಾರ್ಡ್ ತಿಂದು, ಒಬ್ಬನೇ, ಗೆರೆಯ ಪಕ್ಕದಲ್ಲಿ ಹೊರಗೆ ನಡೆದು ಹೋಗುತ್ತಿದ್ದ. ಅವನ ಪಾಲಿಗೆ ಆಟ ಮುಗಿದಿತ್ತು. ಮೈ ಇನ್ನೂ ಬಿಸಿ, ಮಾಡಲು ಏನೂ ಇಲ್ಲ. ಅಂಥ ಹೊತ್ತಲ್ಲಿ ಮೇಲಿನ ಸಾಲುಗಳಿಂದ ಒಬ್ಬ ಕೆಳಗೆ ಓಡಿ ಬಂದು ಬೈದ.

ಇನ್ಜಮಾಮ್? ಪಾಕಿಸ್ತಾನ ಕಡಿಮೆ ರನ್ನಿಗೆ ಆಲೌಟ್ ಆಗಿ, ಭಾರತ ಆರಾಮಾಗಿ ಬೆನ್ನಟ್ಟುತ್ತಿತ್ತು. ಈತ ಬೌಂಡರಿ ಹತ್ತಿರ ಫೀಲ್ಡಿಂಗ್. ಸೋಲುವ ಪಂದ್ಯದಲ್ಲಿ ಬೌಂಡರಿ ಕಾಯುವುದು ಎಂದರೆ ಸುಮ್ನೆ ನಿಲ್ಲುವುದು. ಫೀಲ್ಡಿಂಗ್ ಮಾಡುವವನ ಕೈಗೆ ಬ್ಯಾಟ್ ಎಲ್ಲಿಂದ ಬಂತು ಎಂದು ನಾವು ಹುಡುಗರು ತಲೆ ಕೆಡಿಸಿಕೊಂಡಿದ್ದೆವು. ಹನ್ನೆರಡನೇ ಆಟಗಾರ ತಂದಿದ್ದನಂತೆ. ಅಂದರೆ ಕೇಳಿ, ತರಿಸಿ, ಹೋಗುವಷ್ಟು ಪುರುಸೊತ್ತು ಇತ್ತು. ಎಷ್ಟೋ ವರ್ಷ ಆದ ಮೇಲೆ, 2020ರಲ್ಲಿ, ವಖಾರ್ ಯೂನಿಸ್ ಇನ್ನೊಂದು ಮಾತು ಹೇಳಿದರು. ಆ ಪ್ರೇಕ್ಷಕರಲ್ಲಿ ಯಾರೋ ಅಜರುದ್ದೀನ್ ಹೆಂಡತಿ ಬಗ್ಗೆ ಕೆಟ್ಟದಾಗಿ ಮಾತಾಡುತ್ತಿದ್ದರು, ಇನ್ಜಮಾಮ್‌ಗೆ ಅದು ಸಹಿಸಲಾಗಲಿಲ್ಲ ಎಂದು. ಎದುರಾಳಿ ತಂಡದವನ ಮನೆಯ ಮಾತಿಗೆ ಕೋಪ ಬಂತು ಎಂದಾದರೆ ನಮ್ಮ ಆಲೂ ಕಥೆ ಬೇರೆಯೇ ಆಗುತ್ತದೆ. ಏನೇ ಇರಲಿ, ಎರಡು ಪಂದ್ಯ ನಿಷೇಧ ಬಿತ್ತು.

ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿ 2004ರ ನವೆಂಬರ್ 19ರಂದು ಆದದ್ದು ಇದೆಲ್ಲಕ್ಕೂ ದೊಡ್ಡದು. ಡೆಟ್ರಾಯಿಟ್ ಮತ್ತು ಇಂಡಿಯಾನಾ ತಂಡಗಳ ಪಂದ್ಯ. ಇನ್ನು 45.9 ಸೆಕೆಂಡ್ ಬಾಕಿ. ಫಲಿತಾಂಶ ಆಗಲೇ ಗೊತ್ತಾಗಿದೆ. ಒಂದು ಫೌಲ್ ಆಗಿ ಆಟಗಾರರ ನಡುವೆ ನೂಕಾಟ ನಡೆಯಿತು, ಆಟ ನಿಂತಿತು. ರಾನ್ ಆರ್ಟೆಸ್ಟ್ ಏನು ಮಾಡಿದ ಗೊತ್ತಾ? ಜಗಳದಿಂದ ದೂರ ಸರಿದು, ಸ್ಕೋರರ್‌ಗಳ ಮೇಜಿನ ಮೇಲೆ ಅಂಗಾತ ಮಲಗಿದ! ಸಮಾಧಾನ ಮಾಡಿಕೊಳ್ಳಲು ಅಂತಲೇ. ಮೇಲಿನಿಂದ ಪಾನೀಯ ತುಂಬಿದ ಒಂದು ಕಪ್ ಬಂದು ಎದೆಯ ಮೇಲೆ ಬಿತ್ತು. ಎದ್ದು ಗ್ಯಾಲರಿಗೆ ನುಗ್ಗಿ ಒಬ್ಬನನ್ನು ಹಿಡಿದ. ಎಸೆದವನು ಅವನಲ್ಲ. ಸಿಕ್ಕವನು ಬೇರೆ ಯಾರೋ.

ಚಿಕ್ಕ ಪ್ರಕರಣಗಳೂ ಹಾಗೇ. ಬಾಂಗ್ಲಾದೇಶದ ಸಬ್ಬೀರ್ ರಹಮಾನ್ 2017ರ ಡಿಸೆಂಬರಿನಲ್ಲಿ ರಾಜಶಾಹಿಯಲ್ಲಿ ಒಬ್ಬ ಹುಡುಗನಿಗೆ ಹೊಡೆದದ್ದು ಇನಿಂಗ್ಸ್ ನಡುವಿನ ಬಿಡುವಿನಲ್ಲಿ. ಟಾಟನ್‌ಹ್ಯಾಮ್ ಫುಟ್‌ಬಾಲ್ ತಂಡದ ಎರಿಕ್ ಡಯರ್ 2020ರ ಮಾರ್ಚಿನಲ್ಲಿ ಪ್ರೇಕ್ಷಕನ ಕಡೆಗೆ ಕುರ್ಚಿಗಳ ಮೇಲೆ ಹತ್ತಿ ಹೋದದ್ದು ಪಂದ್ಯ ಸೋತು ಮುಗಿದ ಮೇಲೆ. ರೊನಾಲ್ಡೊ 2022ರ ಏಪ್ರಿಲ್‌ನಲ್ಲಿ ಎವರ್ಟನ್ ಮೈದಾನದಲ್ಲಿ ಒಬ್ಬ ಹುಡುಗನ ಕೈಯ ಫೋನ್ ಹೊಡೆದು ಬೀಳಿಸಿದ್ದು ಸೋತು ಒಳಗೆ ಹೋಗುವ ದಾರಿಯಲ್ಲಿ.

ಟೆನಿಸ್ ಆಟಗಾರರು ಪ್ರೇಕ್ಷಕರ ಜೊತೆ ಯಾಕಷ್ಟು ಕಿರಿಕಿರಿ ಮಾಡಿಕೊಳ್ಳುತ್ತಾರೆ ಎನ್ನುವುದೂ ನನಗೆ ಇದರಿಂದಲೇ ಅರ್ಥವಾಯಿತು. 2023ರಲ್ಲಿ ನಮ್ಮ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆಯ (ಐಟಿಎಫ್) ಟೂರ್ನಿ ನಡೆದಾಗ ಎಷ್ಟೋ ಜನ ಮೊದಲ ಸಲ ಈ ಆಟವನ್ನು ಎದುರು ಕೂತು ನೋಡಿದರು. ಪಾಯಿಂಟ್ ನಡೆಯುವಾಗ ಉಸಿರು ಬಿಡಬಾರದು. ನಮ್ಮವರಿಗೆ ಅದು ಹೊಸದು. ಕ್ರಿಕೆಟ್‌ನಲ್ಲಾದರೆ ಗದ್ದಲದಲ್ಲಿ ಒಂದು ಮಾತು ಮುಳುಗಿ ಹೋಗುತ್ತದೆ. ಅಷ್ಟು ಮೌನದಲ್ಲಿ ಯಾರಾದರೂ ಒಂದು ಮಾತು ಎಸೆದರೆ ಅದು ನೇರ ಕಿವಿಗೇ.

ಗದ್ದಲ ನೋಯಿಸುವುದಿಲ್ಲ. ಬಿಡಿಬಿಡಿಯಾಗಿ ಕೇಳಿಸುವ ಒಂದು ದನಿ ನೋಯಿಸುತ್ತದೆ. ಇದು ನನ್ನ ಸ್ವಂತ ಸಂಶೋಧನೆ ಏನಲ್ಲ. ಒಬ್ಬ ಬೌಲರ್ ಬಾಯಿಂದ ಕೇಳಿದ್ದು.

ಚೆಂಡು ಕಳೆದ ಹೊತ್ತು

ಆಳಂದ ರಸ್ತೆ ಕಡೆ ಆಗ ಒಂದು ದೊಡ್ಡ ಖಾಲಿ ಜಾಗ ಇತ್ತು. ಈಗ ಅಲ್ಲಿ ಪ್ಲಾಟ್ ಬಿದ್ದು ಮನೆಗಳಾಗಿವೆ. ಚಳಿಗಾಲ ಬಂದರೆ ಟೆನಿಸ್ ಬಾಲ್ ಟೂರ್ನಿ. ಎಂಟು ಓವರಿನ ಪಂದ್ಯ, ಕರಿಮಣ್ಣಿನ ಮೇಲೆ ಮ್ಯಾಟು, ಸುಣ್ಣದ ಗೆರೆ, ಒಂದು ಶಾಮಿಯಾನ, ಎರಡು ಸ್ಪೀಕರ್. ಮೊದಲ ಬಹುಮಾನದ ರೊಕ್ಕ ಕೊಡುವವರು ಯಾವುದಾದರೂ ಪಕ್ಷದ ಮುಖಂಡರು, ಅವರ ಫೋಟೋ ಬ್ಯಾನರ್ ಮೇಲೆ ಕಪ್ಪಿಗಿಂತ ದೊಡ್ಡದು. ನಾನು ಸ್ಕೋರ್ ಬರೆಯುತ್ತಿದ್ದೆ. ನನ್ನ ಪಕ್ಕದಲ್ಲಿ ಮೈಕ್ ಹಿಡಿದವನು ಕನ್ನಡ, ಹಿಂದಿ, ದಖನಿ ಮೂರೂ ಕಲಸಿ ಕಾಮೆಂಟ್ರಿ ಹೊಡೆಯುತ್ತಿದ್ದ.

ನಾಕೌಟ್ ಹಂತ ಬಂತೆಂದರೆ ತಂಡಗಳು ಹೊರಗಿನಿಂದ ಆಟಗಾರರನ್ನು ಕರೆಸುತ್ತವೆ. ಹೈದರಾಬಾದಿನಿಂದ, ಸೊಲ್ಲಾಪುರದಿಂದ. ಒಂದು ಪಂದ್ಯಕ್ಕೆ ಇಷ್ಟು ಅಂತ ರೊಕ್ಕ, ಹೋಗಿ ಬರುವ ಖರ್ಚು, ಊಟ. ಇವರು ಟಿವಿಯಲ್ಲಿ ಬರುವ ಪ್ರೊಫೆಷನಲ್‌ಗಳಲ್ಲ, ಆದರೆ ಆಟದಿಂದಲೇ ಹೊಟ್ಟೆ ಹೊರೆಯುವವರು. ನಮ್ಮ ಕಡೆ ಅವರಿಗೆ 'ಪೇಡ್ ಪ್ಲೇಯರ್' ಎನ್ನುತ್ತಾರೆ, ಹೇಳುವಾಗ ದನಿಯಲ್ಲಿ ಅರ್ಧ ಗೌರವ, ಅರ್ಧ ಹೊಟ್ಟೆಕಿಚ್ಚು.

ಆ ಸಲ ಸೆಮಿಫೈನಲ್‌ಗೆ ಒಬ್ಬ ಎಡಗೈ ವೇಗದ ಬೌಲರ್ ಬಂದಿದ್ದ. ಎಲ್ಲರೂ ಭಾಯ್ ಅಂತಲೇ ಕರೆಯುತ್ತಿದ್ದರು. ಮೊದಲ ಓವರ್ ಚೆನ್ನಾಗಿ ಹಾಕಿದ. ಎರಡನೇ ಓವರಿನಲ್ಲಿ ನಮ್ಮೂರಿನ ಒಬ್ಬ ಹುಡುಗ ಸಾಲಾಗಿ ಸಿಕ್ಸರ್ ಎತ್ತಿದ. ಮೈದಾನ ಕುಣಿಯಿತು. ಭಾಯ್ ಥರ್ಡ್ ಮ್ಯಾನ್ ಕಡೆ ಹೋಗಿ ನಿಂತ. ಹಿಂದೆ ಹಗ್ಗಕ್ಕೆ ಅಂಟಿಕೊಂಡೇ ಹುಡುಗರ ಗುಂಪು. ಅವರು ಏನೇನೋ ಕೂಗುತ್ತಿದ್ದರು. ಅವನು ನಗುತ್ತಿದ್ದ. ಒಮ್ಮೆ ಅವರ ಕಡೆ ತಿರುಗಿ, ಇನ್ನೂ ಜೋರಾಗಿ ಕೂಗಿ ಅನ್ನುವಂತೆ ಕೈ ಎತ್ತಿ ಸನ್ನೆಯನ್ನೂ ಮಾಡಿದ. ಮೈಕಿನವನು ಅದನ್ನೂ ಕಾಮೆಂಟ್ರಿಯಲ್ಲಿ ಹೇಳಿ ನಗಿಸಿದ.

ಆಮೇಲೆ ಚೆಂಡು ಕಳೆಯಿತು. ಇನ್ನೊಂದು ಸಿಕ್ಸರ್ ಹೋಗಿ ಪಕ್ಕದ ತೊಗರಿ ಹೊಲದಲ್ಲಿ ಬಿತ್ತು. ಎತ್ತರದ ತೊಗರಿ, ಒಳಗೆ ಹೋದರೆ ಆಳೇ ಕಾಣುವುದಿಲ್ಲ. ಆರೇಳು ಹುಡುಗರು ಹುಡುಕಲು ಹೋದರು. ಆಟ ನಿಂತಿತು. ಮೈಕಿನವನೂ ಗಂಟಲು ಸುಧಾರಿಸಿಕೊಳ್ಳಲು ನೀರು ಕುಡಿಯುತ್ತಿದ್ದ. ಮೈದಾನಕ್ಕೆ ಮೈದಾನವೇ ಸುಮ್ಮನಾದ ಒಂದೆರಡು ನಿಮಿಷ. ಅಷ್ಟರಲ್ಲಿ ಒಂದು ದನಿ, ಸ್ಕೋರ್ ಟೇಬಲ್ಲಿಗೂ ಕೇಳಿಸುವಷ್ಟು ಸ್ಪಷ್ಟ: "ಏ ಭಾಯ್, ಎಷ್ಟ್ ರೊಕ್ಕ ತಗೊಂಡಿ? ವಾಪಸ್ ಇಟ್ಟು ಬಸ್ ಹತ್ತು." ಜನ ನಕ್ಕರು. ಆ ನಗೆ ಮುಗಿಯುವ ಮೊದಲು ಅದೇ ದನಿಯಲ್ಲಿ ಅವನ ತಾಯಿಯ ಮಾತು ಬಂತು. ಅದಕ್ಕೆ ಯಾರೂ ನಗಲಿಲ್ಲ.

ಅವನು ಓಡಲಿಲ್ಲ. ನಡೆದುಕೊಂಡು ಹೋದ. ಅದು ನನಗೆ ಇವತ್ತಿಗೂ ಸರಿಯಾಗಿ ನೆನಪಿದೆ, ಚೆಂಡು ಎತ್ತಿಕೊಳ್ಳಲು ಹೋಗುವವನ ಹಾಗೆ ಸಾವಕಾಶ ಹೋಗಿ, ಹಗ್ಗ ದಾಟಿ, ಮುಂದೆ ಕೂತಿದ್ದ ಹುಡುಗನಿಗೆ ಒಂದೇ ಏಟು. ತುಟಿ ಒಡೆಯಿತು. ಕೂಗಿದವನು ಆ ಹುಡುಗನೋ, ಹಿಂದೆ ಬೈಕಿನ ಮೇಲೆ ಕೂತಿದ್ದವನೋ, ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಷ್ಟು ಹೊತ್ತಿಗೆ ತೊಗರಿ ಹೊಲದಿಂದ ಒಬ್ಬ "ಸಿಕ್ತು, ಸಿಕ್ತು" ಅಂತ ಚೆಂಡು ಎತ್ತಿ ಹಿಡಿದು ಓಡಿ ಬಂದ. ಅದನ್ನು ತಗೊಳ್ಳುವವರು ಯಾರೂ ಇರಲಿಲ್ಲ.

ಮುಂದಿನದು ನೀವು ಊಹಿಸಬಹುದು. ಹುಡುಗನ ಕಡೆಯವರು ಬಂದರು. ಬೈಕುಗಳು, ಫೋನುಗಳು, ಸ್ಟಂಪ್ ಕಿತ್ತು ಕೈಗೆ ತಗೊಂಡವರು. ಪೊಲೀಸರಿಗೆ ಹೋಗಬೇಕೋ ಬೇಡವೋ ಎನ್ನುವ ಮಾತು. ಕೊನೆಗೆ ಕಮಿಟಿಯ ಹಿರಿಯರೊಬ್ಬರು, ನಾವೆಲ್ಲ ಕಾಕಾ ಅನ್ನುವವರು, ಎರಡೂ ಕಡೆಯವರನ್ನು ಶಾಮಿಯಾನದ ಕೆಳಗೆ ಕೂರಿಸಿದರು. ತೀರ್ಮಾನ ಹೀಗಾಯಿತು: ಭಾಯ್ ತಂಡ ಟೂರ್ನಿಯಿಂದ ಹೊರಗೆ. ಅವನ ಪಂದ್ಯದ ರೊಕ್ಕ ಹುಡುಗನ ದವಾಖಾನೆ ಖರ್ಚಿಗೆ. ಅವನು ಎಲ್ಲರ ಮುಂದೆ ಮಾಫಿ ಕೇಳಬೇಕು. ಕೇಳಿದ. ಬೈದವನಿಗೆ ಏನು ಎಂದು ಯಾರೋ ಕೇಳಿದರು. "ಅವ ಯಾರಂತ ಗೊತ್ತಾದ್ರ ನೋಡಮು" ಅಂದರು ಕಾಕಾ. ಗೊತ್ತಾಗಲಿಲ್ಲ, ಅಷ್ಟೇ.

ಅವನ ತಂಡದವರು ಗಾಡಿ ಹುಡುಕಲು ಹೋಗಿದ್ದರು. ಅವನೊಬ್ಬನೇ ಶಾಮಿಯಾನದ ಹಿಂದೆ ಕೂತಿದ್ದ. ನಾನು ನೀರಿನ ಬಾಟಲ್ ಕೊಟ್ಟೆ. ಕುಡಿದು, ನನ್ನ ಕಡೆ ನೋಡದೆ, "ಬಾಲಿಂಗ್ ಡಾಲ್ತೇ ವಖ್ತ್ ಕುಛ್ ನೈ ಸುನಾಯಿ ದೇತಾ ಭಾಯ್. ಖಡೇ ರಹೇ ತೋ ಸಬ್ ಸುನಾಯಿ ದೇತಾ" ಅಂದ. ಬೌಲಿಂಗ್ ಮಾಡುವಾಗ ಏನೂ ಕೇಳಿಸುವುದಿಲ್ಲ, ಸುಮ್ನೆ ನಿಂತಾಗಲೇ ಎಲ್ಲ ಕೇಳಿಸುವುದು. ಆಮೇಲೆ ಇನ್ನೊಂದು ಮಾತು ಸೇರಿಸಿದ: ಮೊದಲ ಸಲ ಕೂಗಿದಾಗಲೇ ಕ್ಯಾಪ್ಟನ್‌ಗೆ ಹೇಳಿದ್ದೆ, ನನ್ನ ಜಾಗ ಬದಲಿಸು ಅಂತ. "ಪೇಡ್ ಪ್ಲೇಯರ್ ಇದ್ದಿ, ಸಹಿಸ್ಕೋ" ಅಂದಿದ್ದನಂತೆ ಕ್ಯಾಪ್ಟನ್.

ಆ ಮೇಲೆ ನಮ್ಮ ಕಡೆಯ ಯಾವ ತಂಡವೂ ಅವನನ್ನು ಕರೆದದ್ದು ನಾನು ನೋಡಲಿಲ್ಲ. ಕ್ಯಾಪ್ಟನ್ ಮಾತ್ರ ಮುಂದಿನ ವರ್ಷವೂ ಟಾಸ್‌ಗೆ ಬಂದ.

ಲೆಕ್ಕ ಯಾರ ಹೆಸರಿಗೆ

ದೊಡ್ಡ ಆಟಗಳಲ್ಲಿ ಈ ಲೆಕ್ಕ ಇನ್ನೂ ಜಾಸ್ತಿ, ಮತ್ತು ಕಾಗದದ ಮೇಲೆ. ಕ್ಯಾಂಟೊನಾನನ್ನು 1995ರ ಸೆಪ್ಟೆಂಬರ್ ಕೊನೆಯವರೆಗೆ ನಿಷೇಧಿಸಿದರು. ಕ್ಲಬ್ಬಿನ 20,000 ಪೌಂಡ್, ಫುಟ್‌ಬಾಲ್ ಸಂಸ್ಥೆಯ 10,000 ಪೌಂಡ್ ದಂಡ. ಕೋರ್ಟು ಮೊದಲು ಎರಡು ವಾರ ಜೈಲು ಅಂದಿತು, ಮೇಲ್ಮನವಿಯಲ್ಲಿ ಅದು 120 ಗಂಟೆಗಳ ಸಮುದಾಯ ಸೇವೆಯಾಯಿತು. ಆತ ಆ ಗಂಟೆಗಳನ್ನು ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಟ್ಟು ಮುಗಿಸಿದ. ಫ್ರಾನ್ಸ್ ತಂಡದ ಕ್ಯಾಪ್ಟನ್ ಆಗಿದ್ದವನು ಮತ್ತೆ ದೇಶಕ್ಕೆ ಆಡಲೇ ಇಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಆ ವರ್ಷ ಲೀಗ್ ಸೋತದ್ದು ಒಂದೇ ಒಂದು ಪಾಯಿಂಟ್‌ನಿಂದ. ಆರ್ಟೆಸ್ಟ್‌ಗೆ ಉಳಿದ ಇಡೀ ಋತು ಹೋಯಿತು, ಪ್ಲೇಆಫ್ ಸೇರಿ 86 ಪಂದ್ಯ. ಸಬ್ಬೀರ್‌ಗೆ ಕೇಂದ್ರ ಗುತ್ತಿಗೆ ಹೋಯಿತು, 20 ಲಕ್ಷ ಟಾಕಾ ದಂಡ, ಆರು ತಿಂಗಳು ದೇಶೀಯ ಕ್ರಿಕೆಟ್ ಬಂದ್. ಡಯರ್‌ಗೆ ನಾಲ್ಕು ಪಂದ್ಯ ಮತ್ತು 40,000 ಪೌಂಡ್. ರೊನಾಲ್ಡೊಗೆ ಎರಡು ಪಂದ್ಯ, 50,000 ಪೌಂಡ್. ಅಷ್ಟರಲ್ಲಿ ಆತ ಕ್ಲಬ್ ಬಿಟ್ಟಿದ್ದ, ಆಮೇಲೆ ಸೌದಿಗೆ ಹೋದ, ನಿಷೇಧವೂ ಲಗೇಜಿನ ಜೊತೆ ಅಲ್ಲಿಗೇ ಹೋಯಿತು.

ಪ್ರೇಕ್ಷಕನಿಗೆ ಏನೂ ಆಗುವುದಿಲ್ಲ ಎನ್ನುವ ಚಹಾದಂಗಡಿ ಮಾತು ಮಾತ್ರ ಪೂರ್ತಿ ನಿಜವಲ್ಲ. ಡೆಟ್ರಾಯಿಟ್‌ನಲ್ಲಿ ಕಪ್ ಎಸೆದವನಿಗೆ 30 ದಿನ ಜೈಲಾಯಿತು. ಸೆಲ್‌ಹರ್ಸ್ಟ್ ಪಾರ್ಕಿನಲ್ಲಿ ಬೈದವನೂ ಕೋರ್ಟಿಗೆ ಹೋಗಬೇಕಾಯಿತು. ಅಲ್ಲಿ ಸರ್ಕಾರಿ ವಕೀಲರ ಮೇಲೇ ಎಗರಿ ಹೋಗಿ ಜೈಲನ್ನೂ ನೋಡಿ ಬಂದ. ಕ್ಯಾಂಟೊನಾ ಅಭಿಮಾನಿಗಳಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. 2019ರಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ರಸೆಲ್ ವೆಸ್ಟ್‌ಬ್ರೂಕ್ ಯೂಟಾದಲ್ಲಿ ಒಬ್ಬ ಪ್ರೇಕ್ಷಕನಿಗೆ ಬೆದರಿಕೆ ಹಾಕಿದಾಗ ಲೀಗ್ 25,000 ಡಾಲರ್ ದಂಡ ಹಾಕಿತು, ಆದರೆ ಯೂಟಾ ತಂಡ ಆ ಪ್ರೇಕ್ಷಕನನ್ನೂ ತನ್ನ ಅಂಗಳದಿಂದ ಶಾಶ್ವತವಾಗಿ ಹೊರಗಿಟ್ಟಿತು. ಎಲ್ಲಿ ಕ್ಯಾಮೆರಾ ಇದೆಯೋ ಅಲ್ಲಿ ಬೈದವನಿಗೂ ಈಗ ಮುಖ ಇದೆ.

ನಮ್ಮ ಕಾನೂನಿನಲ್ಲೂ ಎರಡೂ ಕಡೆಗೆ ಜಾಗ ಇದೆ. ಚಹಾದಂಗಡಿಯಲ್ಲಿ ನಮ್ಮ ಜೊತೆ ಕೂರುವ ವಕೀಲರೊಬ್ಬರು ಒಮ್ಮೆ ಬಿಡಿಸಿ ಹೇಳಿದರು. ಭಾರತೀಯ ನ್ಯಾಯ ಸಂಹಿತೆಯ 115(2)ರಲ್ಲಿ ಬೇಕೆಂದೇ ಹೊಡೆದು ನೋಯಿಸಿದರೆ ಒಂದು ವರ್ಷದವರೆಗೆ ಶಿಕ್ಷೆ. ಆದರೆ ತಟ್ಟನೆ ಬಂದ, ಗಂಭೀರವಾದ ಕೆಣಕುವಿಕೆಯಿಂದ ಹೊಡೆದಿದ್ದರೆ 122ನೇ ಕಲಂ ಅದನ್ನು ಒಂದು ತಿಂಗಳಿಗೆ ಇಳಿಸುತ್ತದೆ. ಜಗಳ ಹುಟ್ಟಲಿ ಅಂತಲೇ ಬೈದು ಅವಮಾನಿಸಿದವನಿಗೆ 352ನೇ ಕಲಂ ಬೇರೆ ಇದೆ. ಅಂದರೆ ಕಾನೂನು ಕೋಪಕ್ಕೆ ಸ್ವಲ್ಪ ರಿಯಾಯಿತಿ ಕೊಡುತ್ತದೆ. ಆಟದ ಸಂಸ್ಥೆಗಳು ಕೊಡುವುದು ಕಡಿಮೆ. ನನಗೆ ಅದು ತಪ್ಪು ಅನಿಸುವುದಿಲ್ಲ. ಗ್ಯಾಲರಿಯಲ್ಲಿ ಮಕ್ಕಳು ಕೂತಿರುತ್ತಾರೆ, ಮತ್ತು ಸಿಟ್ಟಿನ ಕೈಗೆ ಸಿಗುವವನು ಬೈದವನೇ ಆಗಿರುತ್ತಾನೆ ಎನ್ನುವ ಖಾತ್ರಿ ಇಲ್ಲ.

ನನಗೆ ಅರಗದೆ ಉಳಿದದ್ದು ಕ್ಯಾಪ್ಟನ್. ಅಂದರೆ ಮಧ್ಯದಲ್ಲಿ ಇದ್ದವನು. ಅವನ ಹೆಸರಿಗೆ ಯಾವ ಲೆಕ್ಕವೂ ಬರುವುದಿಲ್ಲ.

1912ರ ಮೇ ತಿಂಗಳಲ್ಲಿ ಬೇಸ್‌ಬಾಲ್ ಆಟಗಾರ ಟೈ ಕಾಬ್ ನ್ಯೂಯಾರ್ಕಿನಲ್ಲಿ ಗ್ಯಾಲರಿ ಹತ್ತಿ ಒಬ್ಬ ಪ್ರೇಕ್ಷಕನನ್ನು ಮನಬಂದಂತೆ ಹೊಡೆದ. ಆ ಮನುಷ್ಯ ಅಪಘಾತದಲ್ಲಿ ಕೈಬೆರಳುಗಳನ್ನೇ ಕಳೆದುಕೊಂಡಿದ್ದವನು. ಓದಿದರೆ ಹೊಟ್ಟೆ ತೊಳಸುತ್ತದೆ, ಕಾಬ್ ಪರ ಮಾತಾಡಲು ನನಗೆ ಮನಸ್ಸಿಲ್ಲ. ಆದರೆ ಆಮೇಲೆ ಆದದ್ದು ವಿಚಿತ್ರ. ಲೀಗ್ ಆತನನ್ನು ಅಮಾನತು ಮಾಡಿದಾಗ ಡೆಟ್ರಾಯಿಟ್ ತಂಡದ ಉಳಿದ ಆಟಗಾರರೆಲ್ಲ ಆಡುವುದಿಲ್ಲ ಅಂದುಬಿಟ್ಟರು. ತಂಡದವರು ಸಿಕ್ಕಸಿಕ್ಕ ಹೊಸಬರನ್ನು ಸೇರಿಸಿ ಆಡಿಸಿ 24-2ರಿಂದ ಸೋತರು. ಕೊನೆಗೆ ಕಾಬ್‌ಗೆ ಆದದ್ದು ಹತ್ತು ದಿನದ ಅಮಾನತು, 50 ಡಾಲರ್ ದಂಡ. ಜೊತೆಯವರು ಹೊಡೆದಾದ ಮೇಲೆ ಬೆನ್ನಿಗೆ ನಿಂತರು. ಹೊಡೆಯುವ ಮೊದಲು ನಿಂತಿದ್ದರೆ?

ವಸ್ತಾದ ಮಾಡಿದ್ದು

ನನ್ನ ತಾಯಿಯ ತವರು ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಒಂದು ಹಳ್ಳಿ. ಅಲ್ಲಿ ಜಾತ್ರೆಯಲ್ಲಿ ಕುಸ್ತಿ. ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ, ಬೆಳ್ಳಿ ಕಡೆ (ಕಡಗ) ಕುಸ್ತಿಗೆ ಮುಗಿಯುತ್ತದೆ. ಹಲಗಿ ಬಡಿತ ನಿಲ್ಲುವುದೇ ಇಲ್ಲ. ಅಲ್ಲಿ ಪ್ರೇಕ್ಷಕನಿಗೂ ಪೈಲ್ವಾನನಿಗೂ ನಡುವೆ ಹಗ್ಗವೂ ಇಲ್ಲ, ಬೇಲಿಯೂ ಇಲ್ಲ. ಜನ ಮಣ್ಣಿನ ಅಂಚಿನವರೆಗೂ ಕೂತಿರುತ್ತಾರೆ, ಬಿದ್ದವನ ಕಾಲು ಅವರ ತೊಡೆಗೆ ತಾಗುತ್ತದೆ. ಬೈಗುಳಕ್ಕೂ ಬರ ಇಲ್ಲ. ಸಿಟ್ಟು ಹೊತ್ತಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಬೇಕೇ?

ಒಂದು ವರ್ಷ ಹೊರಗಿನಿಂದ ಬಂದ ಪೈಲ್ವಾನ್ ಒಬ್ಬ ನಮ್ಮ ಊರಿನವನ ಕೈಲಿ ಚಿತ್ ಆದ. ಎದ್ದು ಮಣ್ಣು ಝಾಡಿಸಿಕೊಳ್ಳುತ್ತ ಹೊರಗೆ ಬರುತ್ತಿದ್ದ. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು, ಸೋತವನ ಕಡೆ ಯಾರ ಗಮನವೂ ಇಲ್ಲ. ಆಗ ಮೂಲೆಯಿಂದ ಒಬ್ಬ ಅವನ ಮೈಗೆ, ಅವನು ತಿನ್ನುವ ಹಾಲು-ಬದಾಮಿಗೆ ಸೇರಿಸಿ ಏನೋ ಅಂದ. ಪೈಲ್ವಾನ್ ನಿಂತ. ಕತ್ತು ತಿರುಗಿಸಿದ. ನಾನು ಮುತ್ಯಾನ ಪಕ್ಕ ಕೂತಿದ್ದೆ, ಮುತ್ಯಾ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದರು.

ಅವನ ವಸ್ತಾದ, ಅಂದರೆ ಕುಸ್ತಿ ಕಲಿಸಿದ ಗುರು, ಎಲ್ಲಿದ್ದನೋ, ಒಂದೇ ಹೆಜ್ಜೆಗೆ ಬಂದು ಅವನ ಹೆಗಲಿಗೆ ಟವೆಲ್ ಹಾಕಿದ. ಅವನನ್ನು ತನ್ನ ಬೆನ್ನ ಹಿಂದೆ ಮಾಡಿಕೊಂಡು, ಜನರ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದ: "ಯಾರಪಾ ಅವ ಕೂಗ್ದವ? ಧ್ವನಿ ಭಾರಿ ಅದ. ಮೈಯಾಗೂ ಅಷ್ಟೇ ಅದೇನು ನೋಡಮು, ಬಾ, ಮಣ್ಣಿಗಿ ಇಳಿ." ಜನ ಹೋ ಅಂದರು. ಹಳ್ಳಿ ಅಲ್ವಾ, ಕೂಗಿದವನು ಯಾರ ಮಗ ಅಂತ ಎಲ್ಲರಿಗೂ ಗೊತ್ತು. ಅವನ ಅಕ್ಕಪಕ್ಕದವರೇ ಅವನನ್ನು ಎತ್ತಿ ಮಣ್ಣಿಗೆ ನೂಕಿದರು. ಧೋತರ ಸರಿಮಾಡಿಕೊಳ್ಳುತ್ತ ನಿಂತ ಅವನ ಕೈಗೆ ವಸ್ತಾದ ಒಂದು ತೆಂಗಿನಕಾಯಿ ಇಟ್ಟು, ಬೆನ್ನು ತಟ್ಟಿ ಕಳಿಸಿದ. ಸೋತ ಪೈಲ್ವಾನನೂ ನಕ್ಕ. ಮುತ್ಯಾ ನನ್ನ ಕೈ ಬಿಟ್ಟರು.

ಇದನ್ನು ಹೇಳಿದರೆ, ಹಳ್ಳಿಯಲ್ಲಿ ಎಲ್ಲ ಚೆಂದ, ಸ್ಟೇಡಿಯಂನಲ್ಲಿ ಎಲ್ಲ ಕೆಟ್ಟದ್ದು ಎನ್ನುವ ಅರ್ಥ ಬರಬಹುದು. ಹಾಗಿಲ್ಲ. ಕುಸ್ತಿಯಲ್ಲಿ ಊರು-ಊರುಗಳ ನಡುವೆ ಬಡಿದಾಟ ಆದ ಕಥೆಗಳನ್ನೂ ಅದೇ ಮುತ್ಯಾ ಹೇಳಿದ್ದಾರೆ. ನಾನು ಹೇಳುತ್ತಿರುವುದು ಆ ವಸ್ತಾದನ ಬಗ್ಗೆ. ತನ್ನ ಹುಡುಗನ ಕಿವಿಗೆ ಬಿದ್ದ ಮಾತು ತನ್ನ ಕಿವಿಗೂ ಬಿತ್ತು ಎಂದು ಆತ ಎಲ್ಲರ ಮುಂದೆ ತೋರಿಸಿದ.

ಮೊಹಮ್ಮದ್ ಸಿರಾಜ್ ನಮಗೆ ಪಕ್ಕದ ಹೈದರಾಬಾದಿನವನು. ಆಟೋ ಓಡಿಸುತ್ತಿದ್ದ ತಂದೆ ತೀರಿಕೊಂಡಾಗ ಆಸ್ಟ್ರೇಲಿಯಾದಲ್ಲೇ ಉಳಿದಿದ್ದ. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಬೌಂಡರಿ ಹತ್ತಿರ ನಿಂತಾಗ ಅವನಿಗೆ ಮೈಬಣ್ಣದ ಬೈಗುಳಗಳು ಬಂದವು. ಇದೇ ಸಿಡ್ನಿಯಲ್ಲಿ, ಹೀಗೇ ಬೌಂಡರಿಯಲ್ಲಿ, 2012ರಲ್ಲಿ ಇನ್ನೂ ಹುಡುಗನಾಗಿದ್ದ ಕೊಹ್ಲಿ ಪ್ರೇಕ್ಷಕರಿಗೆ ಬೆರಳು ತೋರಿಸಿ ಪಂದ್ಯದ ಸಂಭಾವನೆಯಲ್ಲಿ ಅರ್ಧ ಕಳೆದುಕೊಂಡಿದ್ದ. ಸಿರಾಜ್ ಬೆರಳು ತೋರಿಸಲಿಲ್ಲ. ಕ್ಯಾಪ್ಟನ್ ರಹಾನೆ ಹತ್ತಿರ ಹೋಗಿ ಹೇಳಿದ. ರಹಾನೆ ಅಂಪೈರ್‌ಗಳಿಗೆ ಹೇಳಿದರು. ಆಟ ನಿಂತಿತು. ಬೇಕಿದ್ದರೆ ಮೈದಾನ ಬಿಟ್ಟು ಹೋಗಬಹುದು ಅಂದರೂ ತಂಡ ಹೋಗಲಿಲ್ಲ. ಆರು ಮಂದಿಯನ್ನು ಗ್ಯಾಲರಿಯಿಂದ ಎಬ್ಬಿಸಿ ಕಳಿಸಿದರು. ಮುಂದಿನ ಪಂದ್ಯ ಬ್ರಿಸ್ಬೇನ್‌ನಲ್ಲಿ, ಒಂದೇ ಇನಿಂಗ್ಸಿನಲ್ಲಿ ಸಿರಾಜ್‌ಗೆ ಐದು ವಿಕೆಟ್.

ಅವನಿಗೆ ಸಿಟ್ಟು ಬರಲಿಲ್ಲ ಅಂತ ನಾನು ನಂಬುವುದಿಲ್ಲ. ಆ ಸಿಟ್ಟನ್ನು ಕೊಡಲು ಒಬ್ಬ ಇದ್ದ, ಅವನು "ಸಹಿಸ್ಕೋ" ಅನ್ನಲಿಲ್ಲ. ಕೊಹ್ಲಿ ತಾನೇ ಕ್ಯಾಪ್ಟನ್ ಆದ ಮೇಲೆ, 2019ರ ವಿಶ್ವಕಪ್‌ನಲ್ಲಿ, ಬೌಂಡರಿಯಲ್ಲಿ ನಿಂತಿದ್ದ ಸ್ಟೀವ್ ಸ್ಮಿತ್‌ಗೆ ಭಾರತದ ಅಭಿಮಾನಿಗಳು ಅಣಕಿಸುತ್ತಿದ್ದಾಗ, ಚಪ್ಪಾಳೆ ಹೊಡೆಯಿರಿ ಅಂತ ಅವರಿಗೆ ಸನ್ನೆ ಮಾಡಿದ. ಎದುರಾಳಿಗೂ ಆ ಹೊತ್ತು ಒಬ್ಬ ವಸ್ತಾದ ಸಿಕ್ಕ. ಆರ್ಟೆಸ್ಟ್ 2010ರಲ್ಲಿ ಲೇಕರ್ಸ್ ತಂಡದ ಜೊತೆ ಚಾಂಪಿಯನ್ ಆದಾಗ ಟಿವಿ ಮುಂದೆ ನಿಂತು ತನ್ನ ಮನೋವೈದ್ಯರಿಗೆ ಥ್ಯಾಂಕ್ಸ್ ಹೇಳಿದ. ಜನ ನಕ್ಕರು. ನನಗೆ ನಗು ಬರಲಿಲ್ಲ. (ಮರುವರ್ಷ ಹೆಸರನ್ನೇ ಮೆಟ್ಟಾ ವರ್ಲ್ಡ್ ಪೀಸ್ ಅಂತ ಬದಲಿಸಿಕೊಂಡ. ಅದಕ್ಕೆ ಮಾತ್ರ ನಾನೂ ನಕ್ಕಿದ್ದೇನೆ.)

ಎಲ್ಲರಿಗೂ ವಸ್ತಾದ ಬೇಕೇಬೇಕು ಅಂತಲೂ ಇಲ್ಲ. ಡ್ಯಾನಿಲ್ ಮೆದ್ವೆದೆವ್ 2019ರ ಯುಎಸ್ ಓಪನ್‌ನಲ್ಲಿ ಪ್ರೇಕ್ಷಕರ ಬೊಬ್ಬೆಗೆ ಅಸಭ್ಯ ಸನ್ನೆ ಮಾಡಿ ದಂಡ ಕಟ್ಟಿದ. ಆದರೆ ಗೆದ್ದ ಮೇಲೆ ಮೈಕ್ ಹಿಡಿದು, ನಿಮ್ಮ ಬೊಬ್ಬೆಯಿಂದಲೇ ನನಗೆ ಶಕ್ತಿ ಬಂತು, ಇನ್ನೂ ಕೂಗಿ ಅಂದ. ಫೈನಲ್ ತನಕ ಹೋದ. ಅಲ್ಲಿ ನಡಾಲ್ ಎದುರು ಐದು ಸೆಟ್ ಹೋರಾಡಿ ಸೋಲುವ ಹೊತ್ತಿಗೆ ಅದೇ ಜನ ಅವನಿಗಾಗಿ ಕೂಗುತ್ತಿದ್ದರು. ಅಂಥ ನಾಲಿಗೆ ಎಲ್ಲರಿಗೂ ಇರುವುದಿಲ್ಲ.

ನಮ್ಮ ಟೂರ್ನಿ ಈಗ ಬೇರೆ ಮೈದಾನಕ್ಕೆ ಹೋಗಿದೆ. ಭಾಯ್ ಗಲಾಟೆ ಆದ ಮೇಲೆ ಕಮಿಟಿಯವರು ದೊಡ್ಡ ಬ್ಯಾನರ್ ಬರೆಸಿದರು, 'ಆಟಗಾರರನ್ನು ನಿಂದಿಸಬಾರದು' ಅಂತ. ಅದರ ಕೆಳಗೇ ಕೂತು ನಿಂದಿಸುತ್ತಾರೆ. ಹೊರಗಿನ ಆಟಗಾರ ನಿಲ್ಲುವ ಕಡೆ ಇಬ್ಬರು ಹಿರಿಯರಿಗೆ ಕುರ್ಚಿ ಹಾಕಿ, ಚೆಂಡು ಕಳೆದಾಗ ಮೈಕ್ ನಿಲ್ಲಿಸಬೇಡಿ ಅಂತ ನಾನು ಹೇಳಿದೆ. ಮೈಕಿನದು ಒಪ್ಪಿದರು. ಕುರ್ಚಿಯ ಬಗ್ಗೆ ಇನ್ನೂ ಮಾತು ನಡೆದಿದೆ. ಕಾಕಾನ ತಕರಾರು ಒಂದೇ: "ಆ ಮೂಲ್ಯಾಗ ಮಧ್ಯಾಹ್ನ ನೆಳ್ಳೇ ಇಲ್ಲ. ಕೂಡವರು ಯಾರು?" ಹೋದ ಡಿಸೆಂಬರಿನಲ್ಲಿ ಒಂದು ಛತ್ರಿ ಕೊಂಡಿದ್ದೇವೆ.